ಎರಡೂವರೆ ಗಂಟೆ ಹಿಂದಿನ ಊರು

ನಮ್ಮಲ್ಲಿ ಮಕ್ಕಳಿರುವ ಹೆಂಗಸು ಮನೆ ಬಿಟ್ಟು ಹೊರಡುವುದಕ್ಕೆ ಒಂದು ಕಾರಣ ಬೇಕು. ತಂಗಿಯ ಬಾಣಂತನ, ಅಪ್ಪನ ಕಣ್ಣಿನ ಆಪರೇಷನ್, ಅಣ್ಣನ ಮಗಳ ಮದುವೆ, ಹರಕೆ, ಸಾವು. ಇವುಗಳಲ್ಲಿ ಯಾವುದಾದರೂ ಒಂದಾದರೆ ಯಾರೂ ಏನೂ ಅನ್ನುವುದಿಲ್ಲ. ಪಕ್ಕದ ಮನೆಯವರೇ ಮಕ್ಕಳಿಗೆ ಸಾರು, ಪಲ್ಯ ಕಳಿಸುತ್ತಾರೆ. ಆಫೀಸಿನ ಟ್ರೈನಿಂಗ್ ಅಂದರೂ ನಡೆದೀತು. ಆದರೆ ‘ಸುಮ್ಮನೆ ಒಂದು ಊರು ನೋಡಿಕೊಂಡು ಬರ್ತೀನಿ, ಒಬ್ಬಳೇ’ ಅಂದರೆ ಎದುರಿಗಿದ್ದವರು ಮೊದಲು ನಮ್ಮ ಮುಖ ನೋಡುತ್ತಾರೆ, ಆಮೇಲೆ ನಮ್ಮ ಯಜಮಾನರ ಮುಖ ನೋಡುತ್ತಾರೆ. ಮನೆಯಲ್ಲಿ ಎಲ್ಲ ಸರಿಯಿದೆ ತಾನೇ ಎಂಬ ಪ್ರಶ್ನೆ ಅವರ ಬಾಯಿಗೆ ಬರದಿದ್ದರೂ ಕಣ್ಣಿಗೆ ಬಂದಿರುತ್ತದೆ.

ನೋಡುವ ಆಸೆ ತಾಯಿಯಾದ ಮಾತ್ರಕ್ಕೆ ಹೋಗುವುದಿಲ್ಲ. ಹೈಸ್ಕೂಲಿನಲ್ಲಿ ‘1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಯಿತು’ ಎಂದು ಬಾಯಿಪಾಠ ಮಾಡಿದವರೇ ನಾವೆಲ್ಲ. ಆ ವಾಕ್ಯ ಬರೆದರೆ ಭೌಗೋಳಿಕ ಅನ್ವೇಷಣೆಗಳ ಪ್ರಶ್ನೆಗೆ ಒಂದು ಅಂಕ ಖಚಿತ. ನನಗೆ ಅಂಕಕ್ಕಿಂತ ಹೆಚ್ಚಾಗಿ ಆ ಹೆಸರು ಬೇಕಾಗಿತ್ತು. ಊರೊಂದು ಯಾರದೋ ವಶವಾದರೆ ಮೈಸೂರಿನ ಹುಡುಗಿಯೊಬ್ಬಳು ಐನೂರು ವರ್ಷ ಕಳೆದ ಮೇಲೂ ಅದನ್ನು ಓದಬೇಕಾದರೆ ಆ ಊರು ಎಂಥದಿರಬೇಕು ಎಂಬ ಕುತೂಹಲ ಆಗಲೇ ಹುಟ್ಟಿತ್ತು. ಮುಂದೆ ನೇಮಿಚಂದ್ರ ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಓದಿದಾಗ, ಅಷ್ಟು ದೂರಕ್ಕೆ ಕನ್ನಡದ ಹೆಣ್ಣುಮಗಳೊಬ್ಬಳು ಬರೀ ನೋಡುವ ಹಂಬಲದಿಂದ ಹೋಗಬಹುದು ಎಂಬ ಧೈರ್ಯ ಬಂತು. ಧೈರ್ಯ ಬಂದದ್ದಕ್ಕೂ ಟಿಕೆಟ್ ತೆಗೆದದ್ದಕ್ಕೂ ನಡುವೆ ಮದುವೆ, ಕೆಲಸ, ಎರಡು ಹೆರಿಗೆ, ಮನೆ ಸಾಲ ಎಲ್ಲ ಆದವು. ಮಗಳು ಒಂಬತ್ತನೇ ಕ್ಲಾಸಿಗೆ, ಮಗ ನಾಲ್ಕನೇ ಕ್ಲಾಸಿಗೆ ಬಂದ ವರ್ಷದ ನವೆಂಬರಿನಲ್ಲಿ ನಾನು ಆ ಊರಿಗೆ, ಈಗಿನ ಇಸ್ತಾಂಬುಲ್ಲಿಗೆ ಹೊರಟೆ.

“ಡಬ್ಬಿಗೆ ಯಾವ ದಿನ ಏನು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟು ಹೋಗು,” ಎಂದರು ಇವರು.

“ಏನೂ ಬರೀಬೇಡಮ್ಮ,” ಎಂದರು ಅತ್ತೆ. “ಬರೆದಿಟ್ರೆ ಇವನು ಅದನ್ನೇ ಹಿಡ್ಕೊಂಡು ಕೂತ್ಕೋತಾನೆ. ಮಕ್ಕಳು ಏನ್ ತಿಂತವೆ ಅಂತ ಅಪ್ಪನಿಗೂ ಗೊತ್ತಾಗ್ಲಿ. ನೀನು ಹೋಗ್ಬಿಟ್ಟು ಬಾ.”

ಅತ್ತೆ ಹೀಗೆ ಅಂದದ್ದರ ಹಿಂದೆ ಒಂದು ಸಂಗತಿಯಿತ್ತು. ಅವರಿಗೆ ಮೂರು ಮಕ್ಕಳಿದ್ದಾಗ ಬೀದಿಯವರ ಜೊತೆ ಯಾತ್ರೆಯ ಬಸ್ಸಿನಲ್ಲಿ ಕಾಶಿಗೆ ಹೋಗಿದ್ದರಂತೆ. ಮಾವನವರಿಗೆ ರಜೆ ಸಿಗಲಿಲ್ಲ, ಕಟ್ಟಿದ ದುಡ್ಡು ವಾಪಸ್ಸು ಬರುವಂತಿರಲಿಲ್ಲ. ಹಾಗಾಗಿ ಒಬ್ಬರೇ. ವಿಶ್ವನಾಥನ ದರ್ಶನ ಆಯಿತು, ಗಂಗಾಸ್ನಾನ ಆಯಿತು. ಆದರೆ ಅವರು ಇವತ್ತಿಗೂ ಹೇಳುವುದು ಒಂದು ಸಂಜೆಯ ವಿಷಯ. ಘಾಟಿನ ಮೆಟ್ಟಿಲ ಮೇಲೆ ಕೂತು ದೋಣಿಗಳನ್ನು ನೋಡುತ್ತಾ ಇದ್ದರಂತೆ, ಕತ್ತಲಾಗುವ ತನಕ. “ಅಷ್ಟು ಹೊತ್ತು ಒಬ್ಬರೂ ನನ್ನ ಕರೀಲಿಲ್ಲ ಕಣೆ,” ಎನ್ನುವಾಗ ಅವರ ಮುಖದಲ್ಲಿ ಬರುವ ಬೆಳಕು ದರ್ಶನದ ಮಾತಾಡುವಾಗ ಬರುವುದಿಲ್ಲ.

ಶಾರ್ಜಾದಲ್ಲಿ ವಿಮಾನ ಬದಲಿಸಿ ಇಳಿದಾಗ ಇಸ್ತಾಂಬುಲ್ಲಿನಲ್ಲಿ ಮಳೆ. ನಾನು ಕೋಣೆ ಹಿಡಿದಿದ್ದದ್ದು ಊರಿನ ಏಷ್ಯಾದ ಪಾಲಿನಲ್ಲಿರುವ ಕಾಡಿಕೊಯ್ ಎಂಬಲ್ಲಿ. ಪ್ರವಾಸಿಗಳು ಹೆಚ್ಚಾಗಿ ಆಚೆ ದಡದ ಹಳೇ ಊರಿನಲ್ಲಿ ಇಳಿಯುತ್ತಾರೆ. ನನಗೆ ಜನ ಕೆಲಸಕ್ಕೆ ಹೋಗಿ ಬರುವ, ತರಕಾರಿ ಕೊಳ್ಳುವ ಕಡೆಯೇ ಇರಬೇಕೆನಿಸಿತ್ತು. ಅತಿಥಿಗೃಹದ ಯಜಮಾನಿ ಇಂಗ್ಲಿಷ್ ಟೀಚರಾಗಿ ನಿವೃತ್ತರಾದವರು. ಬೀಗದ ಕೈ ಕೊಡುವ ಮೊದಲೇ “ಮಕ್ಕಳೆಷ್ಟು? ಎಲ್ಲಿದ್ದಾರೆ?” ಎಂದು ಕೇಳಿದರು. ಫೋಟೋ ತೋರಿಸಿದೆ. ಅವರೂ ತಮ್ಮ ಮಗನ ಫೋಟೋ ತೋರಿಸಿದರು. ಅವನು ಬರ್ಲಿನ್ನಿನಲ್ಲಿದ್ದಾನೆ. “ನಮ್ಮಲ್ಲಿ ಮಕ್ಕಳು ಹೋಗುತ್ತಾರೆ, ತಾಯಿ ಮನೆಯಲ್ಲಿರುತ್ತಾಳೆ. ನೀವು ತಿರುಗುಮುರುಗು ಮಾಡಿದ್ದೀರಿ,” ಎಂದು ನಕ್ಕು ಚಹಾ ತಂದಿಟ್ಟರು. ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟ, ಹಾಲಿಲ್ಲದ ಕೆಂಪು ಚಹಾ, ತಟ್ಟೆಯಲ್ಲಿ ಎರಡು ಸಕ್ಕರೆ ಗಟ್ಟಿ.

ಇಸ್ತಾಂಬುಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಹೊರಡುವ ಮುಂಚೆ ಇದನ್ನು ಫೋನ್ ಮಾಡುವ ಅನುಕೂಲದ ದೃಷ್ಟಿಯಿಂದಷ್ಟೇ ಲೆಕ್ಕ ಹಾಕಿದ್ದೆ. ಅಲ್ಲಿಗೆ ಹೋದಮೇಲೆ ಅದರ ಬಲ ತಿಳಿಯಿತು. ಅಲ್ಲಿ ಬೆಳಿಗ್ಗೆ ಆರೂವರೆಗೆ ನನಗೆ ಎಚ್ಚರವಾಗುವ ಹೊತ್ತಿಗೆ ಮೈಸೂರಿನಲ್ಲಿ ಒಂಬತ್ತು. ಹಾಲು ಉಕ್ಕಿಯಾಗಿದೆ, ಒಂದು ಸಾಕ್ಸ್ ಹುಡುಕಿಯಾಗಿದೆ, ಡಬ್ಬಿ ತುಂಬಿಯಾಗಿದೆ, ವ್ಯಾನು ಬಂದು ಹೋಗಿದೆ. ಆ ಬೆಳಗಿನಲ್ಲಿ ಏನಾಗಬೇಕಿತ್ತೋ ಅದು ನನ್ನನ್ನು ಕೇಳದೆ ಆಗಿಹೋಗಿದೆ. ಹಾಸಿಗೆಯಲ್ಲಿ ಮಲಗಿಯೇ ಇದನ್ನು ಯೋಚಿಸಿದಾಗ ಮೊದಲ ದಿನ ಎದೆಯಲ್ಲಿ ಸಂಕಟವಾಯಿತು. ಆಮೇಲಾಮೇಲೆ ಸಂಕಟದ ಜಾಗದಲ್ಲಿ ಒಂದು ಹಗುರ ಬಂತು. ಕಿಟಕಿಯಾಚೆ ಇನ್ನೂ ಕತ್ತಲು, ನವೆಂಬರಿನಲ್ಲಿ ಅಲ್ಲಿ ಸೂರ್ಯ ನಿಧಾನ. ದೂರದಲ್ಲಿ ಹಡಗಿನ ಕೂಗು. ಎದ್ದು ಏನು ಮಾಡಬೇಕು ಎಂಬುದನ್ನು ನಾನೇ ತೀರ್ಮಾನಿಸಬೇಕಿತ್ತು.

ನಾನು ಮಾಡಿದ್ದು ಹಡಗು ಹತ್ತಿದ್ದು. ಆ ಊರಿನಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಜನ. ಏಷ್ಯಾದಲ್ಲಿ ಮಲಗಿ ಯುರೋಪಿನಲ್ಲಿ ಕೆಲಸ ಮಾಡುವವರು ಅವರಲ್ಲಿ ಲೆಕ್ಕವಿಲ್ಲದಷ್ಟು. ನಡುವೆ ಬಾಸ್ಫರಸ್ ಜಲಸಂಧಿ, ಸುಮಾರು ಮೂವತ್ತು ಕಿಲೋಮೀಟರ್ ಉದ್ದ, ಅತಿ ಕಿರಿದಾದಲ್ಲಿ ಏಳುನೂರು ಮೀಟರ್ ಅಗಲ. ಮೊದಲ ಸೇತುವೆ ಬಂದದ್ದು 1973ರಲ್ಲಿ, ನೀರಿನಡಿಯ ರೈಲು 2013ರಲ್ಲಿ. ಇಷ್ಟೆಲ್ಲ ಇದ್ದೂ ಜನ ಹಡಗನ್ನು ಬಿಟ್ಟಿಲ್ಲ. ಕಾಡಿಕೊಯ್‌ನಿಂದ ಎದುರಿನ ಎಮಿನೊನುವಿಗೆ ಇಪ್ಪತ್ತು ನಿಮಿಷದ ದಾರಿ. ನಮ್ಮ ಸಿಟಿ ಬಸ್ಸಿನ ಪಾಸಿನಂಥ ಒಂದು ಕಾರ್ಡನ್ನು ಗೇಟಿಗೆ ತಾಗಿಸಿದರೆ ಸಾಕು.

ಹೊರಗಿನ ಮರದ ಬೆಂಚಿನಲ್ಲಿ ಕೂರುತ್ತಿದ್ದೆ. ಹಡಗು ದಡ ಬಿಟ್ಟ ಕೂಡಲೇ ಕಡಲಕ್ಕಿಗಳು ಬೆನ್ನು ಹತ್ತುತ್ತವೆ. ಜನ ಎಳ್ಳು ಮೆತ್ತಿದ ಬಳೆಯಾಕಾರದ ಸಿಮಿತ್ ಬ್ರೆಡ್ಡನ್ನು ಮುರಿದು ಗಾಳಿಗೆ ಎಸೆಯುತ್ತಾರೆ. ಹಕ್ಕಿ ರೆಕ್ಕೆ ಅಲುಗಿಸದೆಯೇ ಕತ್ತು ಕೊಂಚ ಹೊರಳಿಸಿ ಅದನ್ನು ಹಿಡಿಯುತ್ತದೆ. ಟ್ರೇ ತುಂಬ ಚಹಾ ಲೋಟ ಇಟ್ಟುಕೊಂಡವನು ಹಡಗು ಎಷ್ಟು ಹೊಯ್ದಾಡಿದರೂ ಒಂದು ತೊಟ್ಟು ಚೆಲ್ಲದೆ ಬೆಂಚಿನ ಸಾಲುಗಳ ಮಧ್ಯೆ ಬರುತ್ತಾನೆ. ಬ್ಯಾಂಕಿನ ಹುಡುಗಿ ತುಟಿಗೆ ಬಣ್ಣ ತೀಡಿಕೊಳ್ಳುತ್ತಾಳೆ, ಮುದುಕ ಪೇಪರು ಮಡಿಸಿ ಓದುತ್ತಾನೆ, ತಲೆವಸ್ತ್ರ ಕಟ್ಟಿದ ಹೆಂಗಸು ಮಗುವಿನ ಜಾಕೆಟ್ಟಿನ ಜಿಪ್ಪು ಗಂಟಲ ತನಕ ಎಳೆಯುತ್ತಾಳೆ. ನನ್ನ ಕೈ ಜಿಪ್ಪು ಎಳೆಯಲಿಲ್ಲ, ಯಾರ ಕಿವಿಗೂ ಟೋಪಿ ಮುಚ್ಚಲಿಲ್ಲ. ಗಾಳಿ ನನಗೇ ಬೀಸಿತು. ಆಚೆ ದಡ ಮುಟ್ಟಿ, ಇಳಿದು ಮತ್ತೆ ಕಾರ್ಡ್ ತಾಗಿಸಿ, ಬಂದ ದಾರಿಯಲ್ಲೇ ವಾಪಸ್ಸು ಹೋಗಬೇಕೆನಿಸಿದರೆ ಹಾಗೂ ಮಾಡಿದೆ. ಜೊತೆಗೆ ಮಕ್ಕಳಿದ್ದಿದ್ದರೆ ಬಂದ ದಾರಿಯಲ್ಲೇ ಯಾಕೆ ಹೋಗ್ತಿದ್ದೀವಿ ಎಂಬ ಪ್ರಶ್ನೆಗೆ ಉತ್ತರ ಬೇಕಾಗುತ್ತಿತ್ತು. ಅತ್ತೆಯ ಕಾಶಿಯ ಸಂಜೆ ಏನೆಂದು ನನಗೆ ಅಲ್ಲಿ ಅರ್ಥವಾಯಿತು.

ಆದರೂ ಮಕ್ಕಳು ತಲೆಯಿಂದ ಇಳಿದಿದ್ದರು ಎಂದಲ್ಲ. ಮಗನಿಗೆ ನೀರು, ನಲ್ಲಿ, ಕೊಳವೆ ಇವುಗಳ ಹುಚ್ಚು. ಬಾಸ್ಫರಸ್ಸಿನಲ್ಲಿ ಎರಡು ಹರಿವುಗಳಿವೆ ಎಂದು ಓದಿದಾಗ ಅವನಿಗೆ ಹೇಳದೆ ಇರಲಾಗಲಿಲ್ಲ. ಕಪ್ಪು ಸಮುದ್ರಕ್ಕೆ ಡ್ಯಾನ್ಯೂಬಿನಂಥ ದೊಡ್ಡ ನದಿಗಳು ಬಂದು ಸೇರುವುದರಿಂದ ಅದರ ನೀರಿಗೆ ಉಪ್ಪು ಕಡಿಮೆ. ಹಗುರಾದ ಆ ನೀರು ಮೇಲ್ಮೈಯಲ್ಲಿ ದಕ್ಷಿಣಕ್ಕೆ, ಮರ್ಮರಾ ಸಮುದ್ರದ ಕಡೆಗೆ ಹರಿಯುತ್ತದೆ. ಅದರಡಿಯಲ್ಲಿ ಮೆಡಿಟರೇನಿಯನ್ ಕಡೆಯ ಹೆಚ್ಚು ಉಪ್ಪಿನ, ಭಾರದ ನೀರು ಉತ್ತರಕ್ಕೆ ಹರಿಯುತ್ತದೆ. ಮೀನುಗಾರರಿಗೆ ಇದು ಮೊದಲೇ ತಿಳಿದಿತ್ತು. 1680ರ ಸುಮಾರಿಗೆ ಮಾರ್ಸಿಲಿ ಎಂಬ ಇಟಲಿಯ ತರುಣ ಬಿಳಿ ಬಣ್ಣ ಬಳಿದ ಬೆಂಡಿನ ತುಂಡುಗಳನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ, ಮೇಲಿನ ತುಂಡುಗಳು ಒಂದು ದಿಕ್ಕಿಗೂ ಆಳದವು ಎದುರು ದಿಕ್ಕಿಗೂ ಹೋಗುವುದನ್ನು ಕಣ್ಣಾರೆ ನೋಡಿ ಬರೆದಿಟ್ಟ.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಹಾಗಾದ್ರೆ ಮೀನು ಯಾವ ಕಡೆ ಹೋಗುತ್ತೆ?”

ಯಜಮಾನಿಯನ್ನು ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ಪಾಲಮೂತ್, ಲೂಫರ್ ಎಂಬ ಮೀನುಗಳು ಚಳಿ ಶುರುವಾಗುತ್ತಲೇ ಕಪ್ಪು ಸಮುದ್ರದಿಂದ ಇಳಿದು ಬರುತ್ತವೆ, ವಸಂತದಲ್ಲಿ ಮತ್ತೆ ಹತ್ತಿ ಹೋಗುತ್ತವೆ. ಈಗ ಇಳಿಯುವ ಕಾಲ, ಗಲಾಟಾ ಸೇತುವೆಯ ಮೇಲೆ ಅಷ್ಟೊಂದು ಗಾಳಗಳು ಯಾಕಿವೆ ಅಂದುಕೊಂಡಿರಿ ಎಂದರು. ಮರುದಿನ ಸೇತುವೆಗೆ ಹೋಗಿ, ಕಟಕಟೆಯುದ್ದಕ್ಕೂ ಒತ್ತೊತ್ತಾಗಿ ನಿಂತ ಗಾಳದವರ ಬಕೆಟ್ಟುಗಳಲ್ಲಿ ಬೆಳ್ಳಿ ಹೊಟ್ಟೆಯ ಸಣ್ಣ ಮೀನುಗಳು ಸುತ್ತುವುದನ್ನು ಬಗ್ಗಿ ನೋಡಿದೆ. ಹಿಂದೆ ಟ್ರಾಮು, ಕೆಳಗೆ ಹಡಗು, ಪಕ್ಕದಲ್ಲಿ ಸುಟ್ಟ ಮೆಕ್ಕೆಜೋಳ, ಎದುರಿನ ಗುಡ್ಡದ ಮೇಲೆ ವಾಸ್ತುಶಿಲ್ಪಿ ಮಿಮಾರ್ ಸಿನಾನ್ ಕಟ್ಟಿದ, 1557ರಲ್ಲಿ ಮುಗಿದ ಸುಲೇಮಾನಿಯೆ ಮಸೀದಿ. ಅಷ್ಟು ಗದ್ದಲದಲ್ಲಿ ನಿಂತೂ ನನ್ನ ಮಗನ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೆ. ಅದು ನನಗೆ ಭಾರವೆನಿಸಲಿಲ್ಲ. ಮನೆಯಲ್ಲಿ ಅವನ ಪ್ರಶ್ನೆಗಳು ಒಗ್ಗರಣೆಯ ಮಧ್ಯೆ ಬರುತ್ತವೆ, ಅರ್ಧ ಉತ್ತರ ಪಡೆದು ಹೋಗುತ್ತವೆ. ಅಲ್ಲಿ ಒಂದೇ ಪ್ರಶ್ನೆಗೆ ಇಡೀ ಬೆಳಗನ್ನು ಕೊಡಲು ನನ್ನ ಬಳಿ ಸಮಯವಿತ್ತು.

ಊಟದ ವಿಷಯಕ್ಕೆ ನನ್ನ ತಾಯಿ ಬಹಳ ಹೆದರಿದ್ದರು. ಹೆದರಬೇಕಾದ್ದಿರಲಿಲ್ಲ. ಕೆಂಪು ಬೇಳೆಯ ಸೂಪು ಎಲ್ಲ ಬೀದಿಯಲ್ಲೂ ಸಿಗುತ್ತದೆ, ಮೇಲೆ ನಿಂಬೆ ಹಿಂಡಿಕೊಂಡರೆ ಒಂದು ಊಟಕ್ಕೆ ಸಾಕು. ಎಲುಬಿನ ಸಾರು ಹಾಕಿದ್ದೀರಾ ಎಂದು ಕೇಳಿಕೊಳ್ಳಬೇಕು, ಅಷ್ಟೇ. ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ಹುರುಳಿಕಾಯಿ, ಅನ್ನ ತುಂಬಿ ಸುತ್ತಿದ ದ್ರಾಕ್ಷಿ ಎಲೆ, ಗಟ್ಟಿ ಮೊಸರು, ಉಪ್ಪು ಹಾಕಿದ ಮಜ್ಜಿಗೆ, ಬೀದಿಬದಿಯಲ್ಲಿ ಕೆಂಡದ ಮೇಲೆ ಸುಟ್ಟ ಚೆಸ್ಟ್‌ನಟ್, ಕಣ್ಣೆದುರೇ ಹಿಂಡಿ ಕೊಡುವ ದಾಳಿಂಬೆ ರಸ. ಎಚ್ಚರ ಬೇಕಾದದ್ದು ಸಿಹಿಯಲ್ಲಿ: ತಾವುಕ್ ಗೊಗ್ಸು ಎಂಬ ಬೆಳ್ಳಗಿನ ಹಾಲಿನ ಪಾಯಸದಂಥ ತಿನಿಸಿನೊಳಗೆ ಕೋಳಿಯ ಎದೆಯ ಮಾಂಸವನ್ನು ಎಳೆಎಳೆಯಾಗಿ ಬಿಡಿಸಿ ಸೇರಿಸಿರುತ್ತಾರೆ. ಸಸ್ಯಾಹಾರಿಗಳು ನೆನಪಿಡಬೇಕು.

ಕಾಡಿಕೊಯ್ ಮಾರುಕಟ್ಟೆಯ ಒಂದು ಕಿಟಕಿಯ ಹಿಂದೆ ಕೂತು ಗೊಜ್ಲೆಮೆ ಮಾಡುವ ಹೆಂಗಸಿನ ಮುಂದೆ ನಾನು ನಿಲ್ಲದ ದಿನವಿಲ್ಲ. ತಗ್ಗಾದ ದುಂಡು ಮಣೆ, ಕೈಯುದ್ದದ ಸಪೂರ ಕೋಲು. ನಿಂಬೆ ಗಾತ್ರಕ್ಕಿಂತ ದೊಡ್ಡ ಹಿಟ್ಟಿನ ಉಂಡೆಯನ್ನು ಆ ಕೋಲಿಗೇ ಸುತ್ತಿ, ಎರಡೂ ಅಂಗೈಯಲ್ಲಿ ನಡುವಿನಿಂದ ಅಂಚಿಗೆ ಉಜ್ಜುತ್ತಾ ಉರುಳಿಸಿ, ಬಿಚ್ಚಿ, ಕಾಲು ಸುತ್ತು ತಿರುಗಿಸಿ ಮತ್ತೆ ಸುತ್ತುತ್ತಾಳೆ. ನಾಲ್ಕನೆಯ ಸಲ ಬಿಚ್ಚಿದಾಗ ಹಾಳೆಯ ಕೆಳಗಿನ ಮರದ ಗೆರೆಗಳು ಕಾಣುತ್ತವೆ. ಪಾಲಕ್, ಬಿಳಿ ಗಿಣ್ಣು ಉದುರಿಸಿ, ಮಡಿಸಿ, ಕವುಚಿದ ಬಾಣಲೆಯಂತೆ ಉಬ್ಬಿದ ಕಾವಲಿಯ ಮೇಲೆ ಹಾಕಿ, ಬೆಣ್ಣೆ ಸವರುತ್ತಾಳೆ. ನನಗೆ ಅವಳ ಭಾಷೆ ಬಾರದು. ಅವಳು ನನ್ನನ್ನು ‘ಅಬ್ಲಾ’ ಎನ್ನುತ್ತಿದ್ದಳು, ಅಕ್ಕ ಎಂದು. ನಾನು ಉಜ್ಜುವ ಸನ್ನೆ ಮಾಡಿ ಒಬ್ಬಟ್ಟಿನ ಫೋಟೋ ತೋರಿಸಿದೆ. ಅವಳು ಫೋನನ್ನು ಒದ್ದೆಯಿಲ್ಲದ ಎರಡು ಬೆರಳಲ್ಲಿ ಹಿಡಿದು, ದೊಡ್ಡದು ಮಾಡಿ, ಅಂಚನ್ನು ನೋಡಿ ಮೆಚ್ಚಿ ತಲೆಯಾಡಿಸಿದಳು. ಅಂಚು ತೆಳ್ಳಗಿದೆಯೋ ಎಂದೇ ಮೊದಲು ನೋಡುವುದು ಕೆಲಸ ಬಲ್ಲವರ ಕಣ್ಣು.

ಮಕ್ಕಳನ್ನು ಬಿಟ್ಟು ಬಂದವಳಿಗೆ ಊರು ತನ್ನ ಅಪ್ಪ–ಅಮ್ಮಂದಿರ ಕತೆಗಳನ್ನೇ ಹೇಳಿತು. ಅಥವಾ ನನಗೆ ಅವೇ ಕೇಳಿಸಿದವೋ.

ಉಸ್ಕುದಾರಿನ ಸಲಜಾಕ್ ಎಂಬಲ್ಲಿ ದಡದ ಮೆಟ್ಟಿಲುಗಳ ಮೇಲೆ ದಿಂಬು ಹಾಕಿಕೊಂಡು ಜನ ಸಾಯಂಕಾಲ ಕೂರುತ್ತಾರೆ. ಸೂರ್ಯಕಾಂತಿ ಬೀಜ ಕಡಿಯುತ್ತಾ, ಚಹಾ ಕುಡಿಯುತ್ತಾ. ಎದುರಿಗೆ ಇನ್ನೂರು ಮೀಟರ್ ದೂರದ ಒಂದು ಬಂಡೆಯ ಮೇಲೆ ಒಂಟಿ ಗೋಪುರ, ‘ಕನ್ಯೆಯ ಗೋಪುರ’. ಯಜಮಾನಿ ಹೇಳಿದ ಕತೆ ಇದು. ಒಬ್ಬ ಅರಸನ ಮಗಳು ಹದಿನೆಂಟು ತುಂಬುವುದರೊಳಗೆ ಹಾವು ಕಚ್ಚಿ ಸಾಯುತ್ತಾಳೆ ಎಂದು ಕಣಿ ಹೇಳುವವನು ನುಡಿದ. ಅರಸ ನೀರಿನ ನಡುವೆ ಗೋಪುರ ಕಟ್ಟಿಸಿ ಮಗಳನ್ನು ಅದರೊಳಗಿಟ್ಟ. ಹದಿನೆಂಟನೆಯ ಹುಟ್ಟುಹಬ್ಬ ಬಂತು. ಗಂಡಾಂತರ ಕಳೆಯಿತೆಂಬ ಸಂತೋಷದಲ್ಲಿ ಅಪ್ಪ ಹಣ್ಣಿನ ಬುಟ್ಟಿ ಹೊತ್ತು ತಾನೇ ಹೋದ. ಹಾವು ಬುಟ್ಟಿಯಲ್ಲಿತ್ತು.

ಕತೆ ಅರ್ಧಕ್ಕೆ ಬರುವಾಗಲೇ ನನಗೆ ಅದರ ಕೊನೆ ತಿಳಿದುಹೋಗಿತ್ತು. ನಮ್ಮ ಪರೀಕ್ಷಿತನ ಕತೆ ಕೇಳಿದ ಯಾರಿಗಾದರೂ ತಿಳಿಯುತ್ತದೆ. ಏಳನೆಯ ದಿನ ತಕ್ಷಕ ಕಚ್ಚುತ್ತಾನೆಂಬ ಶಾಪ, ಒಂಟಿ ಕಂಬದ ಮೇಲಿನ ಮನೆ, ಸುತ್ತ ಕಾವಲು, ಮದ್ದು, ಮಂತ್ರ, ಕೊನೆಗೆ ಋಷಿಗಳ ವೇಷದವರು ತಂದ ಹಣ್ಣು, ಹಣ್ಣಿನೊಳಗೊಂದು ಹುಳ. ನಮ್ಮ ಕತೆಯಲ್ಲಿ ಅರಸ ಕಾಯ್ದುಕೊಂಡದ್ದು ತನ್ನನ್ನು. ಅಲ್ಲಿಯ ಕತೆಯಲ್ಲಿ ಮಗಳನ್ನು. ಅದಕ್ಕೇ ಅಲ್ಲಿಯ ಕತೆ ನನ್ನನ್ನು ಹೆಚ್ಚು ಕಾಡಿತು. ಆ ಹುಡುಗಿಗೆ ಹಾವು ಹೇಗಿರುತ್ತದೆಂದೇ ಗೊತ್ತಿರಲಿಲ್ಲವಲ್ಲ. ಹುಲ್ಲಿನಲ್ಲಿ ಸರಸರ ಎಂದರೆ ಕಾಲು ಹಿಂದಕ್ಕೆಳೆದುಕೊಳ್ಳಬೇಕು ಎಂದು ಹುಲ್ಲಿನಲ್ಲಿ ಆಡಿದ ಯಾವ ಮಗುವಿಗೂ ತಿಳಿದಿರುತ್ತದೆ. ಅವಳು ಹುಲ್ಲನ್ನೇ ತುಳಿದವಳಲ್ಲ. ಬೀಜ ಕಡಿಯುತ್ತಾ ನನ್ನ ಸುತ್ತ ಕೂತಿದ್ದವರ ಮಕ್ಕಳು ನೀರಿನ ಅಂಚಿನವರೆಗೆ ಓಡಿ ಓಡಿ ಹೋಗುತ್ತಿದ್ದವು; ತಾಯಂದಿರು ಕೂತಲ್ಲಿಂದಲೇ ಕೂಗುತ್ತಿದ್ದರು, ಏಳುತ್ತಿರಲಿಲ್ಲ.

ಆಚೆ ದಡದ ಕಾರಾಕೊಯ್‌ನಲ್ಲಿ, ಹಳೇ ಬ್ಯಾಂಕುಗಳ ಬೀದಿಯಲ್ಲಿ, ಕಾಮೊಂಡೋ ಮೆಟ್ಟಿಲುಗಳಿವೆ. ಹತ್ತೊಂಬತ್ತನೇ ಶತಮಾನದ ಯೆಹೂದಿ ಸಾಹುಕಾರ ಮನೆತನವೊಂದು ಕಟ್ಟಿಸಿದ್ದು. ಎರಡು ತೋಳು ಬಳುಕಿ ಬಂದು ಕೂಡಿ ಮತ್ತೆ ಬೇರೆಯಾಗುವ ಕಟ್ಟಣೆ. ಶಾಲೆಗೆ ಹೋಗುವ ಮನೆಯ ಮಕ್ಕಳು ಜಾರಿದರೂ ಮೇಲಿಂದ ಕೆಳಗಿನ ತನಕ ಉರುಳದೆ ಮೊದಲ ತಿರುವಿನಲ್ಲೇ ನಿಲ್ಲಲಿ ಎಂದು ಹಾಗೆ ಕಟ್ಟಿಸಿದರೆಂದು ಊರವರು ಹೇಳುತ್ತಾರೆ. ಮಕ್ಕಳು ಬೀಳುತ್ತವೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ ಮೆಟ್ಟಿಲು. ನಾನು ಅದನ್ನು ಒಂದು ತೋಳಿನಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿದೆ.

ಹಾಗಿಯಾ ಸೋಫಿಯಾ ನೋಡಿದೆ. 537ರಲ್ಲಿ ಮುಗಿದ ಆ ಗುಮ್ಮಟದ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಅಲ್ಲಿಯ ಸಾಲು, ನೂಕುನುಗ್ಗಲು ನನ್ನ ಪಾಲಿನ ಆನಂದವನ್ನು ತಿಂದವು. ಅದಕ್ಕಿಂತ ಚುಕುರ್ಜುಮಾ ಎಂಬ ಇಳಿಜಾರಿನ ಬೀದಿಯ ಕೆಂಪು ಮನೆಯೊಂದರಲ್ಲಿ ಹೆಚ್ಚು ಹೊತ್ತು ಕಳೆದೆ. ಕಾದಂಬರಿಕಾರ ಒರ್ಹಾನ್ ಪಾಮುಕ್ 2012ರಲ್ಲಿ ತೆರೆದ ‘ಮುಗ್ಧತೆಯ ವಸ್ತುಸಂಗ್ರಹಾಲಯ’ ಅದು. ಅದೇ ಹೆಸರಿನ ತನ್ನ ಕಾದಂಬರಿಯ ಒಂದೊಂದು ಅಧ್ಯಾಯಕ್ಕೆ ಒಂದೊಂದು ಗಾಜಿನ ಪೆಟ್ಟಿಗೆ ಮಾಡಿಸಿದ್ದಾನೆ. ಒಳಗೆ ಉಪ್ಪಿನ ಡಬ್ಬಿ, ಕೂದಲ ಕ್ಲಿಪ್ಪು, ಚಹಾ ಲೋಟ, ನಾಯಿ ಬೊಂಬೆ, ಬಸ್ ಟಿಕೆಟ್ಟು. ಒಂದು ಗೋಡೆಯ ತುಂಬ ಕಾದಂಬರಿಯ ನಾಯಕಿ ಸೇದಿ ಬಿಟ್ಟ 4,213 ಸಿಗರೇಟಿನ ತುಂಡುಗಳು, ಪ್ರತಿಯೊಂದಕ್ಕೂ ಕೈಬರಹದ ಟಿಪ್ಪಣಿ. ನನ್ನ ಬೀರುವಿನ ಮೇಲಿನ ಹಲಗೆಯಲ್ಲಿ ಮಗಳ ಮೊದಲ ಕುಲಾವಿ, ಮಗನ ಹಾಲುಹಲ್ಲು, ಆಸ್ಪತ್ರೆಯಲ್ಲಿ ಕೈಗೆ ಕಟ್ಟಿದ್ದ ಪಟ್ಟಿ ಇವೆ. ನೋಡಿದವರು ಯಾಕೆ ಇದೆಲ್ಲ ಎನ್ನುತ್ತಾರೆ. ಸಣ್ಣ ವಸ್ತುಗಳನ್ನು ಇಷ್ಟು ಗೌರವದಿಂದ ಇಟ್ಟವರನ್ನು ಕಂಡು ನನಗೆ ಬಲ ಬಂದಂತಾಯಿತು.

ಆ ಬೀದಿಯಿಂದ ಮೇಲಕ್ಕೆ ಹತ್ತಿದರೆ ಇಸ್ತಿಕ್ಲಾಲ್, ಸಂಜೆ ಹೊತ್ತು ಭುಜಕ್ಕೆ ಭುಜ ತಾಗುವಷ್ಟು ಜನ, ನಡುವೆ ಗಂಟೆ ಬಾರಿಸುತ್ತಾ ಸಾಗುವ ಕೆಂಪು ಟ್ರಾಮು. ಮೂಲೆಯೊಂದರಲ್ಲಿ ಹಾಡು, ಇನ್ನೊಂದರಲ್ಲಿ ವಾದ್ಯ, ಪುಸ್ತಕದಂಗಡಿಗಳ ಬಾಗಿಲಲ್ಲಿ ಮಲಗಿದ ಬೆಕ್ಕುಗಳು. ಮೊದಲು ಈ ಭಾಗಕ್ಕೆ ಪೆರಾ ಎಂದು ಹೆಸರು, ಪರದೇಶದ ರಾಯಭಾರಿಗಳೆಲ್ಲ ಇದ್ದದ್ದು ಇಲ್ಲೇ. 1717ರಲ್ಲಿ ಇಂಗ್ಲೆಂಡಿನ ರಾಯಭಾರಿಯ ಹೆಂಡತಿ ಲೇಡಿ ಮೇರಿ ವೋರ್ಟ್ಲಿ ಮಾಂಟೆಗ್ಯೂ ಬಂದು ಇಳಿದದ್ದೂ ಇಲ್ಲಿಗೇ. ಸಿಡುಬು ಅವಳ ತಮ್ಮನನ್ನು ಕೊಂದಿತ್ತು. ಅವಳಿಗೂ ಬಂದು ಮುಖದ ತುಂಬ ಕಲೆ ಉಳಿಸಿ, ರೆಪ್ಪೆಗೂದಲು ಕಿತ್ತುಕೊಂಡು ಹೋಗಿತ್ತು. ತುರ್ಕಿಯಲ್ಲಿ ಅವಳು ಒಂದು ಹೊಸ ಸಂಗತಿ ಕಂಡಳು. ಮುದುಕಿಯರು ಆಕ್ರೋಟಿನ ಚಿಪ್ಪಿನಲ್ಲಿ ಸಿಡುಬಿನ ಕೀವು ತಂದು, ಮಕ್ಕಳ ತೋಳನ್ನು ಸೂಜಿಯಲ್ಲಿ ಗೀರಿ ಒಂದಿಷ್ಟು ಒಳಗೆ ಬಿಡುತ್ತಿದ್ದರು. ಮಗು ಕೆಲವು ದಿನ ಜ್ವರದಲ್ಲಿ ಮಲಗಿ ಏಳುತ್ತಿತ್ತು, ಆಮೇಲೆ ಜನ್ಮದಲ್ಲಿ ಸಿಡುಬು ತಾಗುತ್ತಿರಲಿಲ್ಲ. ಅಪಾಯವಿಲ್ಲದ ಕೆಲಸವಲ್ಲ ಅದು, ನೂರರಲ್ಲಿ ಒಂದೆರಡು ಮಕ್ಕಳು ಅದರಿಂದಲೇ ಸಾಯುತ್ತಿದ್ದವು. 1718ರ ಮಾರ್ಚಿನಲ್ಲಿ, ಗಂಡ ಊರಲ್ಲಿಲ್ಲದಾಗ, ಐದು ತುಂಬದ ಮಗನಿಗೆ ಅವಳು ಅದನ್ನು ಮಾಡಿಸಿದಳು. ಒಂದು ತೋಳಿಗೆ ಮುದುಕಿ, ಕೈ ನಡುಗುತ್ತಿತ್ತು. ಇನ್ನೊಂದು ತೋಳಿಗೆ ರಾಯಭಾರ ಕಚೇರಿಯ ವೈದ್ಯ ಮೇಟ್ಲೆಂಡ್. ಹುಡುಗ ಬದುಕಿದ. 1721ರಲ್ಲಿ ಲಂಡನ್ನಿನಲ್ಲಿ ಸಿಡುಬು ಹಬ್ಬಿದಾಗ ಮಗಳಿಗೂ ಮಾಡಿಸಿ, ಇಂಗ್ಲೆಂಡಿಗೆ ಆ ವಿದ್ಯೆಯನ್ನು ಒಪ್ಪಿಸಿದಳು. ಜೆನ್ನರನ ಗೋಸಿಡುಬಿನ ಲಸಿಕೆ ಬಂದದ್ದು ಅದಾದ ಮುಕ್ಕಾಲು ಶತಮಾನದ ಮೇಲೆ, 1796ರಲ್ಲಿ. ಆ ಹುಡುಗ ಮುಂದೆ ಶಾಲೆಯಿಂದ ಮತ್ತೆ ಮತ್ತೆ ಓಡಿಹೋಗಿ, ದೊಡ್ಡವನಾದ ಮೇಲೆ ಪೇಟ ಸುತ್ತಿಕೊಂಡು ಪೂರ್ವದ ದೇಶಗಳಲ್ಲೇ ಅಲೆದನಂತೆ.

ಮೈಸೂರಿನವಳಾದ ನನಗೆ ಇನ್ನೊಂದು ನೆನಪು ಬಂತು. 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರವೊಂದಿದೆ. ಬಲಗಡೆಯ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಹೊಸದಾಗಿ ಬಂದ ಲಸಿಕೆಯನ್ನು ಜನ ಹಾಕಿಸಿಕೊಳ್ಳಲಿ ಎಂದು ಬರೆಸಿದ ಚಿತ್ರ ಅದು ಎಂದು ನೈಜೆಲ್ ಚಾನ್ಸಲರ್ ಎಂಬ ಇತಿಹಾಸಕಾರರು ಓದುತ್ತಾರೆ. ಪೆರಾದ ಇಳಿಜಾರಿನಲ್ಲಿ ನಿಂತು ಆ ತೋಳನ್ನು ನೆನೆದೆ.

ಅದೇ ರಾತ್ರಿ ಮಗಳು ಫೋನಿನಲ್ಲಿ, ಬೇರೇನೋ ಮಾತಿನ ನಡುವೆ, “ಮೊನ್ನೆ ನಂಗೆ ಜ್ವರ ಬಂದಿತ್ತಲ್ಲಮ್ಮ, ಆಗ ಅಪ್ಪ ರಸಂ ಮಾಡಿದ್ರು,” ಎಂದಳು. ನನ್ನ ಕೈಕಾಲು ತಣ್ಣಗಾಯಿತು. ಅತ್ತೆಗೆ ಫೋನ್ ಕೊಡಿಸಿದೆ.

“ನೂರಾ ಎರಡಿತ್ತು. ಮಾತ್ರೆ ಕೊಟ್ವಿ, ಮಾರನೇ ದಿನಕ್ಕೆ ಇಳೀತು. ಶಾಲೆಗೂ ಹೋದ್ಲು.”

“ನಂಗೆ ಒಂದು ಮಾತು ಹೇಳೋದಲ್ವಾ ಅತ್ತೆ?”

“ಹೇಳಿದ್ರೆ ಅಲ್ಲಿಂದ ಏನ್ ಮಾಡ್ತಿದ್ದೆ? ನಿದ್ದೆ ಕೆಡಿಸ್ಕೊಂಡು ಕೂತಿರ್ತಿದ್ದೆ. ನಾವಿಲ್ವಾ ಇಲ್ಲಿ?”

ಆ ರಾತ್ರಿ ನಿದ್ದೆ ಬರಲಿಲ್ಲ. ಮಗಳಿಗೆ ಮೈ ಸುಟ್ಟಾಗ ನಾನು ಪಕ್ಕದಲ್ಲಿಲ್ಲದೆ ಇದ್ದದ್ದು ಅದೇ ಮೊದಲು. ನೋವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬೆಳಗಿನ ಜಾವಕ್ಕೆ ಆ ಮಾತಿನ ಇನ್ನೊಂದು ತುದಿ ಕಾಣಿಸಿತು. ಅವಳು ಅದನ್ನು ಹೇಳಿದ್ದು ದೂರಿನ ದನಿಯಲ್ಲಲ್ಲ. ಅಪ್ಪನ ರಸಂ ಹೇಗಿತ್ತು, ಮೆಣಸು ಎಷ್ಟು ಜಾಸ್ತಿಯಾಗಿತ್ತು, ತಮ್ಮ ಹೇಗೆ ಥರ್ಮಾಮೀಟರ್ ಓದಿ ಹೇಳಿದ, ಇವು ಅವಳ ಸುದ್ದಿ. ಹೆತ್ತವಳು ಇಲ್ಲದ ಒಂದು ಜ್ವರವನ್ನು ಅವಳು ದಾಟಿದ್ದಳು. ಆಕ್ರೋಟಿನ ಚಿಪ್ಪಿನಲ್ಲಿ ಬರುವಷ್ಟು ನನ್ನ ಗೈರುಹಾಜರಿ ಅವಳ ಒಳಗೆ ಹೋಗಿತ್ತು. ಗೀರಿದ ಜಾಗ ನನಗೇ ಹೆಚ್ಚು ಉರಿಯುತ್ತಿತ್ತು. ಎರಡೂವರೆ ಗಂಟೆ ಮುಂದಿದ್ದ ಆ ಮನೆಯಲ್ಲಿ ಆಗ ಬೆಳಕು ಹರಿದು, ಯಾರೋ ನಾನಲ್ಲದವರು ಹಾಲು ಕಾಯಿಸುತ್ತಿದ್ದರು.

ಹೊರಟ ದಿನ ಯಜಮಾನಿ ಟ್ಯಾಕ್ಸಿಯವರೆಗೆ ಬಂದರು. ಕೈಯಲ್ಲೊಂದು ತಂಬಿಗೆ ನೀರು. ಕಾರು ಹೊರಳಿದಾಗ ಹಿಂದಿನಿಂದ ರಸ್ತೆಗೆ ಸುರಿದರು. ನೀರಿನ ಹಾಗೆ ಸಲೀಸಾಗಿ ಹೋಗಿ ನೀರಿನ ಹಾಗೆ ವಾಪಸ್ಸು ಬರಲಿ ಎಂದು ಅಲ್ಲಿ ಪ್ರಯಾಣಕ್ಕೆ ಹೊರಟವರ ಹಿಂದೆ ನೀರು ಚೆಲ್ಲುವ ಪದ್ಧತಿ. ಮಗ ಬರ್ಲಿನ್ನಿಗೆ ಹೋಗುವಾಗಲೂ ಪ್ರತಿ ಸಲ ಅವರು ಹೀಗೇ ಸುರಿಯುತ್ತಾರಂತೆ.

ಮನೆಯಲ್ಲಿ ಕೆಲವು ಬದಲಾವಣೆಗಳಾಗಿದ್ದವು. ಸಾಸಿವೆ ಡಬ್ಬಿಯೂ ಜೀರಿಗೆ ಡಬ್ಬಿಯೂ ಜಾಗ ಬದಲಿಸಿದ್ದವು. ಮಗ ತನ್ನ ಟೈ ತಾನೇ ಕಟ್ಟಿಕೊಳ್ಳುತ್ತಿದ್ದ. ಇವರು ರಾತ್ರಿಯೇ ಮಾರನೇ ದಿನದ ಡಬ್ಬಿಯ ಮಾತು ತೆಗೆಯುತ್ತಿದ್ದರು, ನನ್ನನ್ನಲ್ಲ, ಮಕ್ಕಳನ್ನು ಕೇಳುತ್ತಿದ್ದರು. ಡಬ್ಬಿಗಳನ್ನು ನಾನು ಹಳೇ ಜಾಗಕ್ಕೆ ಇಡಲಿಲ್ಲ.

ಮಗಳು ಮೊನ್ನೆ ಒಂದು ಅರ್ಜಿ ಹಾಕಿದ್ದಾಳೆ. ಕ್ರಿಸ್ಮಸ್ ರಜೆಯಲ್ಲಿ ಮಲ್ಲೇಶ್ವರದ ಸೋದರತ್ತೆ ಮನೆಗೆ ಒಬ್ಬಳೇ ಹೋಗಬೇಕಂತೆ. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ಸು, ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೋ, ಮುಂದಿನ ಸ್ಟೇಷನ್ ಸಂಪಿಗೆ ರಸ್ತೆ, ಅಲ್ಲಿಂದ ನಡೆದು. ಎಲ್ಲ ಬರೆದುಕೊಂಡಿದ್ದಾಳೆ. ನಾದಿನಿ ರೈಲ್ವೆ ಸ್ಟೇಷನ್ನಿಗೇ ಬರ್ತೀನಿ ಎಂದರೆ ಇವಳಿಗೆ ಬೇಡ. ಮೆಟ್ರೋ ತಾನೇ ಹತ್ತಬೇಕು. ನಾನು ಹೂಂ ಎನ್ನುವುದಕ್ಕೆ ಎರಡು ದಿನ ತೆಗೆದುಕೊಂಡೆ. ಟಿಕೆಟ್ ಬುಕ್ ಆಗಿದೆ. ನಾದಿನಿ ಸಂಪಿಗೆ ರಸ್ತೆ ಸ್ಟೇಷನ್ನಿನ ಹೊರಗೆ ನಿಂತಿರುತ್ತಾಳೆ, ಅದಕ್ಕಿಂತ ಈಚೆಗೆ ಬರುವುದಿಲ್ಲ ಎಂದು ಒಪ್ಪಂದ. ಇದನ್ನು ನೋಡಿ ಮಗನೂ ಹಟಕ್ಕೆ ಕೂತಿದ್ದಾನೆ. ಅವನಿಗೆ ಒಂಬತ್ತು ವರ್ಷ. ಸದ್ಯಕ್ಕೆ ದಿನಾ ಬೆಳಿಗ್ಗೆ ರಸ್ತೆ ದಾಟಿ ನಂದಿನಿ ಬೂತಿನಿಂದ ಹಾಲು ತರುವ ಕೆಲಸ ಅವನದು ಎಂದು ತೀರ್ಮಾನವಾಗಿದೆ. ಚಿಲ್ಲರೆ ಎಣಿಸಿಕೊಂಡು ಬಾ ಎಂದಷ್ಟೇ ಹೇಳಿ ಕಳಿಸುತ್ತೇನೆ.